ನಾಳೆ ನೋಡೋಣ ಎಂಬವರ ಪತ್ರಗಳು

ಮೂರು ಸಂಚಿಕೆಗಳ ಹಿಂದೆ ಓದುಗರೊಬ್ಬರಿಗೆ ಉತ್ತರಿಸುವಾಗ, ಕೆಲವು ಕೆಲಸಗಳನ್ನು ಮುಂದಕ್ಕೆ ಹಾಕುವುದೇ ಒಳ್ಳೆಯದು ಎಂದು ಒಂದು ಸಾಲು ಬರೆದು ಸುಮ್ಮನಾಗಿದ್ದೆ. ಆ ಸಾಲಿಗೆ ಬಂದಷ್ಟು ಪತ್ರಗಳು ಈ ಅಂಕಣದ ಯಾವ ಹಿತನುಡಿಗೂ ಬಂದಿಲ್ಲ. ಬೈದು ಬರೆದವರು ಕೆಲವರು. ಧನ್ಯವಾದ ಹೇಳಿದವರು ಅವರ ಮೂರರಷ್ಟು. ನನಗೆ ಗಾಬರಿ ಹುಟ್ಟಿಸಿದ್ದು ಧನ್ಯವಾದದ ಪತ್ರಗಳು. ‘ನಿಮ್ಮ ಮಾತು ಓದಿ ಮನಸ್ಸು ಹಗುರಾಯಿತು, ಇನ್ನು ನಿಶ್ಚಿಂತೆಯಿಂದ ಮುಂದೂಡುತ್ತೇನೆ’ ಎಂದು ಒಬ್ಬರು ಬರೆದಿದ್ದಾರೆ. ನಾನು ಹಾಗೆ ಹೇಳಿರಲಿಲ್ಲ. ಅದಕ್ಕೇ ಈ ಬಾರಿಯ ಪುಟವನ್ನೆಲ್ಲ ಈ ಒಂದೇ ವಿಷಯಕ್ಕೆ ಬಿಟ್ಟಿದ್ದೇನೆ.

ಮೊದಲೇ ಒಂದು ಸಂಗತಿ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತೊಂದು ವರ್ಷ ಪತ್ರಿಕೆಯೊಂದರ ಸುದ್ದಿಮೇಜಿನಲ್ಲಿ ದುಡಿದವಳು ನಾನು. ಅಲ್ಲಿ ಗಡುವು ದಾಟಿದರೆ ಮುದ್ರಣಯಂತ್ರ ಯಾರ ಮುಖವನ್ನೂ ನೋಡುವುದಿಲ್ಲ. ಅಂಥ ಕಡೆ ಪಳಗಿದವಳ ಮನೆಯ ಮೇಜಿಗೆ ಎಡಗಡೆ ಒಂದು ಖಾನೆಯಿದೆ. ‘ಆಮೇಲೆ ನೋಡೋಣ’ ಎಂದದ್ದೆಲ್ಲ ಅದರೊಳಗೆ ಹೋಗುತ್ತದೆ. ಕಳೆದ ವಾರ ಅದನ್ನು ಪೂರ್ತಿ ಹೊರಗೆಳೆದು ನೆಲದ ಮೇಲೆ ಸುರಿದೆ. ಏನೇನು ಸಿಕ್ಕಿತು ಎಂಬುದನ್ನು ಸಂದರ್ಭ ಬಂದ ಹಾಗೆ ಹೇಳುತ್ತೇನೆ.

ಪ್ರಶ್ನೆ: ಅಮ್ಮಾ, ನಾನು ಸಂಶೋಧನಾ ವಿದ್ಯಾರ್ಥಿ. ಗಡುವಿಗೆ ಎರಡು ದಿನ ಉಳಿಯುವವರೆಗೆ ಒಂದಕ್ಷರವೂ ಬರೆಯಲಾಗುವುದಿಲ್ಲ. ಆ ಎರಡು ದಿನ ಮಾತ್ರ ಮೈಮೇಲೆ ಬಂದವನ ಹಾಗೆ ಬರೆಯುತ್ತೇನೆ. ಒತ್ತಡವಿದ್ದರೇ ನನ್ನ ಬುದ್ಧಿ ಓಡುವುದು ಎಂದು ಗೆಳೆಯರಲ್ಲಿ ಹೇಳಿಕೊಂಡು ತಿರುಗುತ್ತೇನೆ. ಇದು ನಿಜವೇ, ನೆಪವೇ?

ಉತ್ತರ: ಆ ಎರಡು ದಿನಗಳಿಗಿಂತ ಮೊದಲು ನೀವು ಏನು ಮಾಡುತ್ತಿದ್ದಿರಿ ಎಂಬುದನ್ನು ಹೇಳಿದರೆ ನಿಜವೋ ನೆಪವೋ ಹೇಳಬಹುದು. ಪತ್ರದಲ್ಲಿ ಅದನ್ನು ಬರೆದಿಲ್ಲ. ಜಾಣರು.

ಒಂದು ರಾತ್ರಿಯ ಕತೆ ಕೇಳಿ. ಮುಖಪುಟದ ದೊಡ್ಡ ಸುದ್ದಿ ಹನ್ನೊಂದು ಗಂಟೆ ದಾಟಿದ ಮೇಲೆ ಬಂತು. ಮೂರು ಕಾಲಂ ಅಗಲ, ಎರಡು ಸಾಲು, ಸಾಲಿಗೆ ಹದಿನಾಲ್ಕು ಅಕ್ಷರ. ಅಷ್ಟರಲ್ಲಿ ಶೀರ್ಷಿಕೆ ಕೂರಬೇಕು. ಸುದ್ದಿಯನ್ನು ಎರಡು ಸಲ ಓದಿದೆ, ಏಳೆಂಟು ಶೀರ್ಷಿಕೆ ಬರೆದೆ, ಎಲ್ಲವನ್ನೂ ಹೊಡೆದುಹಾಕಿದೆ. ಆಮೇಲೆ ಅದನ್ನು ಹಾಗೆಯೇ ಬಿಟ್ಟು ಒಳಪುಟದ ಹವಾಮಾನದ ಪಟ್ಟಿ ತಿದ್ದಲು ಕುಳಿತೆ. ಅದು ನನ್ನ ಕೆಲಸವೇ ಅಲ್ಲ. ಪುಟ ಕಟ್ಟುವ ಹುಡುಗ ಹಿಂದೆ ಬಂದು ನಿಂತ. ಏನೂ ಹೇಳಲಿಲ್ಲ, ಬೈಕಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿ ಗರಗರ ತಿರುಗಿಸುತ್ತ ನಿಂತ. ಗರಿಷ್ಠ, ಕನಿಷ್ಠ, ಗರಿಷ್ಠ, ಕನಿಷ್ಠ ಎಂದು ಅಂಕಿಗಳ ಮೇಲೆ ಪೆನ್ನು ಆಡಿಸುತ್ತಿರುವಾಗ ಶೀರ್ಷಿಕೆ ತಾನಾಗಿ ಬಂದು ಕುಳಿತಿತು. ಎಣಿಸಿದರೆ ಸರಿಯಾಗಿ ಹದಿನಾಲ್ಕು, ಹದಿಮೂರು. ಮರುದಿನ ಎಲ್ಲರೂ ಹೊಗಳಿದರು. ಹವಾಮಾನದ ಪಟ್ಟಿಯಲ್ಲಿ ಎರಡು ತಪ್ಪು ಉಳಿದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಇದನ್ನು ‘ಕೆಲಸವನ್ನು ಬಿಟ್ಟದ್ದರಿಂದ ಶೀರ್ಷಿಕೆ ಸಿಕ್ಕಿತು’ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಬಿಡುವ ಮೊದಲು ಏಳೆಂಟನ್ನು ಬರೆದು ಹೊಡೆದುಹಾಕಿದ್ದೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕರೆಯ ಪ್ರಸಂಗವೂ ಹೀಗೆಯೇ. ಕೂತಾಂಸ್ ಎಂಬ ಊರಿನಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ ಗಳಿಗೆಯಲ್ಲಿ ತನ್ನ ದೊಡ್ಡ ಹೊಳಹುಗಳಲ್ಲಿ ಒಂದು ಬಂತು ಎಂದು ಅವನೇ ಬರೆದಿಟ್ಟಿದ್ದಾನೆ. ಬಸ್ಸಿನ ಮೆಟ್ಟಿಲನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅದಕ್ಕೂ ಮೊದಲು ಹದಿನೈದು ದಿನ ಅವನು ಮೇಜಿನ ಮುಂದೆ ಕುಳಿತು ಪಟ್ಟ ಪಾಡನ್ನು ಮರೆತಿದ್ದಾರೆ.

ಲೆಕ್ಕ ಬೇಕೆಂದರೆ ಅದೂ ಇದೆ. ಸಮಸ್ಯೆಯೊಂದನ್ನು ಅರ್ಧಕ್ಕೆ ಬಿಟ್ಟು ಆಮೇಲೆ ಮರಳಿದರೆ ಲಾಭವುಂಟೇ ಎಂದು ನೋಡಿದ 117 ಅಧ್ಯಯನಗಳನ್ನು ಸಿಯೊ ಮತ್ತು ಆರ್ಮರಾಡ್ ಎಂಬಿಬ್ಬರು 2009ರಲ್ಲಿ ಒಟ್ಟಿಗಿಟ್ಟು ತೂಗಿದರು. ಲಾಭವುಂಟು ಎಂದೇ ಬಂತು. ಆದರೆ ಬಿಡುವ ಮೊದಲು ಹೆಚ್ಚು ಹೊತ್ತು ಹೆಣಗಿದವರಿಗೆ ಹೆಚ್ಚು ಲಾಭ. ಬಿಟ್ಟ ಹೊತ್ತಿನಲ್ಲಿ ತಲೆ ತಿನ್ನುವ ಇನ್ನೊಂದು ಕೆಲಸ ಹಿಡಿದವರಿಗೆ ಕಡಿಮೆ. ಹವಾಮಾನದ ಪಟ್ಟಿ ನನಗೆ ಒದಗಿ ಬಂದದ್ದು ಅದಕ್ಕೇ ಇರಬೇಕು.

ಗೋಡೆಗೆ ಬಣ್ಣ ಬಳಿಯುವವರನ್ನು ನೋಡಿದ್ದೀರಲ್ಲ. ಮೊದಲ ಲೇಪ ಹಚ್ಚಿ, ಕುಂಚವನ್ನು ನೀರಿನಲ್ಲಿ ನೆನೆಹಾಕಿ, ಒಣಗಲಿ ಎಂದು ಕೈಕಟ್ಟಿ ಕೂರುತ್ತಾರೆ. ಯಾರೂ ಅವರನ್ನು ಸೋಮಾರಿಗಳೆನ್ನುವುದಿಲ್ಲ. ಒಣಗದೆ ಎರಡನೆಯ ಲೇಪ ಹಚ್ಚಿದರೆ ಮೊದಲನೆಯದೂ ಕಿತ್ತು ಬರುತ್ತದೆ. ಆದರೆ ಬಣ್ಣವನ್ನೇ ಹಚ್ಚದ ಗೋಡೆಯ ಮುಂದೆ ಕುಳಿತು ‘ಒಣಗಲಿ’ ಎಂದರೆ? ನೀವು ಗಡುವಿಗೆ ಎರಡು ದಿನ ಉಳಿಯುವವರೆಗೂ ಮಾಡುತ್ತಿರುವುದು ಇದನ್ನೇ ಎಂದು ನನ್ನ ಗುಮಾನಿ.

ವಿದ್ಯಾರ್ಥಿಗಳ ಮೇಲೆಯೇ ನಡೆದ ಒಂದು ಅಧ್ಯಯನವಿದೆ, ಓದಿಕೊಳ್ಳಿ. 1997ರಲ್ಲಿ ಡಯಾನ್ ಟೈಸ್ ಮತ್ತು ರಾಯ್ ಬೌಮೈಸ್ಟರ್ ಪ್ರಕಟಿಸಿದ್ದು. ಮುಂದೂಡುವ ಸ್ವಭಾವದ ವಿದ್ಯಾರ್ಥಿಗಳು ಅವಧಿಯ ಮೊದಲ ಭಾಗದಲ್ಲಿ ಉಳಿದವರಿಗಿಂತ ಹಾಯಾಗಿದ್ದರು, ಕಾಯಿಲೆಯೂ ಕಡಿಮೆ. ಇದು ಮುಂದೂಡುವುದರ ನಿಜವಾದ ಲಾಭ, ಅಲ್ಲಗಳೆಯುವಂತಿಲ್ಲ. ಅವಧಿಯ ಕೊನೆಯಲ್ಲಿ ಲೆಕ್ಕ ತಿರುವುಮುರುವಾಯಿತು. ಮೊದಲು ಉಳಿಸಿದ್ದಕ್ಕಿಂತ ಹೆಚ್ಚು ಒತ್ತಡ, ಹೆಚ್ಚು ಕಾಯಿಲೆ, ಮೇಲೆ ಕಡಿಮೆ ಅಂಕ.

ಹಾಗಿದ್ದರೂ ನಿಮ್ಮ ಎರಡು ದಿನಗಳನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನಾರ್ತ್‌ಕೋಟ್ ಪಾರ್ಕಿನ್ಸನ್ ಎಂಬ ಇಂಗ್ಲೆಂಡಿನ ಇತಿಹಾಸಕಾರ 1955ರಲ್ಲಿ ಒಂದು ತಮಾಷೆಯ ನಿಯಮ ಬರೆದ: ಕೆಲಸಕ್ಕೆ ಎಷ್ಟು ಹೊತ್ತು ಕೊಟ್ಟರೆ ಅಷ್ಟು ಹೊತ್ತಿಗೂ ಅದು ಹಿಗ್ಗುತ್ತದೆ. ಅವನ ಉದಾಹರಣೆಯಲ್ಲಿ, ಬಿಡುವಿರುವ ಮುದುಕಿಯೊಬ್ಬಳು ಸೋದರ ಸೊಸೆಗೆ ಒಂದು ಕಾರ್ಡು ಬರೆಯಲು ಇಡೀ ದಿನ ತೆಗೆದುಕೊಳ್ಳುತ್ತಾಳೆ. ಕಾರ್ಡು ಹುಡುಕಲು ಒಂದು ಗಂಟೆ, ಕನ್ನಡಕ ಹುಡುಕಲು ಇನ್ನೊಂದು. ಈಗ ಆ ಮುದುಕಿಯ ವಯಸ್ಸಿಗೆ ನಾನೇ ಬಂದಿರುವುದರಿಂದ ಅದು ತಮಾಷೆಯಲ್ಲ ಎಂದು ಬಲ್ಲೆ. ಕೊನೆಯ ಎರಡು ದಿನಗಳಲ್ಲಿ ನಿಮಗೆ ಕನ್ನಡಕ ಹುಡುಕಲು ಪುರಸೊತ್ತಿರುವುದಿಲ್ಲ, ಅಷ್ಟೇ. ಅದನ್ನು ಬುದ್ಧಿ ಚುರುಕಾಗುವುದು ಎಂದು ಕರೆಯಬೇಡಿ.

ಮುಂದಿನ ಅಧ್ಯಾಯಕ್ಕೆ ಒಂದು ಕೆಲಸ ಮಾಡಿ. ವಿಷಯ ಗೊತ್ತಾದ ದಿನವೇ ಒಂದು ಪುಟ ಬರೆಯಿರಿ. ಕೆಟ್ಟದಾಗಿ ಬರೆಯಿರಿ, ಯಾರಿಗೂ ತೋರಿಸಬೇಡಿ. ಆಮೇಲೆ ಬೇಕಿದ್ದರೆ ಮೂರು ವಾರ ಮುಂದೂಡಿ.

ಪ್ರಶ್ನೆ: ನಮ್ಮ ಯಜಮಾನರದು ನಿಮ್ಮ ಓದುಗರಿಗೆ ತದ್ವಿರುದ್ಧದ ಕಾಯಿಲೆ. ಯಾವುದನ್ನೂ ಒಂದು ನಿಮಿಷ ಇಟ್ಟುಕೊಳ್ಳುವುದಿಲ್ಲ. ಮೊಬೈಲ್ ಸದ್ದಾದ ಕೂಡಲೇ ಉತ್ತರ, ಬಿಲ್ಲು ಬಂದ ಕೂಡಲೇ ಪಾವತಿ, ಪ್ರಯಾಣ ನಿಶ್ಚಯವಾದ ಕೂಡಲೇ ಟಿಕೆಟ್. ಆಮೇಲೆ ದಿನಾಂಕ ಬದಲಾಗಿ ಅದನ್ನು ರದ್ದು ಮಾಡಿಸುವ ಓಡಾಟ. ನಾನು ‘ಸ್ವಲ್ಪ ತಡೆಯಿರಿ’ ಎಂದರೆ ಸೋಮಾರಿ ಎನ್ನಿಸಿಕೊಳ್ಳುತ್ತೇನೆ. ತೀರ್ಪು ನೀವೇ ಹೇಳಿ.

ಉತ್ತರ: ತೀರ್ಪು ನಿಮ್ಮ ಕಡೆಗೆ. ಪತ್ರಿಕೆ ತೆರೆದು ಅವರ ಕೈಗೆ ಕೊಡಿ. ಹೇಗೂ ಕೊಟ್ಟ ಕೂಡಲೇ ಓದುತ್ತಾರೆ.

ನಿಮ್ಮ ಯಜಮಾನರ ಕಾಯಿಲೆಗೆ ಮನಶ್ಶಾಸ್ತ್ರದವರು 2014ರಲ್ಲಿ ಒಂದು ಹೊಸ ಪದವನ್ನೇ ಕಟ್ಟಿದರು. ನಾವು ಕನ್ನಡದಲ್ಲಿ ‘ಮುಂಚೂಡುವುದು’ ಎಂದು ಕರೆಯೋಣ, ಬೈಯುವವರು ಬೈಯಲಿ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ರೋಸೆನ್‌ಬಾಮ್ ಮತ್ತು ಜೊತೆಯವರು ಒಂದು ಓಣಿಯಲ್ಲಿ ಎರಡು ಬಕೆಟ್ ಇಟ್ಟರು. ಒಂದು ನಡಿಗೆ ಶುರುವಾಗುವ ಕಡೆಗೆ ಹತ್ತಿರ, ಇನ್ನೊಂದು ಮುಗಿಯುವ ಕಡೆಗೆ ಹತ್ತಿರ. ಯಾವುದು ಸುಲಭವೋ ಅದನ್ನು ಎತ್ತಿಕೊಂಡು ಆ ತುದಿಗೆ ಹೋಗಿ ಎಂದರು. ತುದಿಗೆ ಹತ್ತಿರವಿದ್ದದ್ದನ್ನು ಎತ್ತಿದರೆ ಹೊರುವ ದೂರ ಕಡಿಮೆ. ಮಗುವಿಗೂ ಗೊತ್ತಾಗುವ ಲೆಕ್ಕ. ಆದರೂ ಹೆಚ್ಚಿನವರು ಎದುರಿಗೆ ಮೊದಲು ಸಿಕ್ಕಿದ ಬಕೆಟ್ಟನ್ನೇ ಎತ್ತಿಕೊಂಡು ಅಷ್ಟು ದೂರ ಹೊತ್ತು ನಡೆದರು. ಏಕೆ ಎಂದು ಕೇಳಿದರೆ, ‘ಕೆಲಸ ಬೇಗ ಮುಗಿಯಲಿ ಎಂದು’ ಎಂಬ ಉತ್ತರ. ಮುಗಿದದ್ದೇನೂ ಬೇಗ ಅಲ್ಲ. ‘ಎತ್ತಬೇಕು’ ಎಂಬ ನೆನಪಿನ ಭಾರ ತಲೆಯಿಂದ ಇಳಿಯಿತು, ಅದು ಕೈಗೆ ಬಂತು.

ನನ್ನ ಖಾನೆಯ ಒಂದು ಮೂಲೆಯಲ್ಲಿ ಮೂರು ಗ್ಯಾರಂಟಿ ಕಾರ್ಡುಗಳಿದ್ದವು, ತುಂಬಿ ಕಳಿಸಬೇಕೆಂದು ಇಟ್ಟದ್ದು. ಅವುಗಳಲ್ಲಿ ಎರಡರ ವಸ್ತುಗಳೇ ಈಗ ಮನೆಯಲ್ಲಿಲ್ಲ. ನಾಲ್ಕು ಸಭೆಗಳ ಆಹ್ವಾನ ಪತ್ರಿಕೆಗಳು. ಅಭಿಪ್ರಾಯ ತಿಳಿಸಿ ಎಂದು ಕೇಳಿದ ಎರಡು ಸುತ್ತೋಲೆಗಳು, ನನ್ನ ಅಭಿಪ್ರಾಯವಿಲ್ಲದೆಯೇ ಎಲ್ಲ ಸುಸೂತ್ರವಾಗಿ ನಡೆದಿತ್ತು. ನೆಪೋಲಿಯನ್ ತನಗೆ ಬಂದ ಪತ್ರಗಳನ್ನು ಮೂರು ವಾರ ಒಡೆಯದೆ ಇಡುವಂತೆ ಕಾರ್ಯದರ್ಶಿಗೆ ಹೇಳಿದ್ದನೆಂದೂ, ಅಷ್ಟರಲ್ಲಿ ಎಷ್ಟೋ ಪತ್ರಗಳಿಗೆ ಉತ್ತರದ ಅಗತ್ಯವೇ ಉಳಿಯದ್ದನ್ನು ಕಂಡು ಸಂತೋಷಪಟ್ಟನೆಂದೂ ಅಮೆರಿಕದ ಲೇಖಕ ಎಮರ್ಸನ್ ಒಂದು ಕತೆ ಹೇಳುತ್ತಾನೆ. ಉಳಿದ ಪತ್ರಗಳನ್ನು ಬರೆದವರ ಗತಿ ಏನಾಯಿತು ಎಂದು ಕತೆಯಲ್ಲಿಲ್ಲ. ನನಗೆ ಆ ಪತ್ರಗಳ ಮೇಲೆಯೇ ಕುತೂಹಲ.

ಬಿಲ್ಲಿನ ವಿಷಯದಲ್ಲಿ ಮಾತ್ರ ನಿಮ್ಮ ಯಜಮಾನರೇ ಸರಿ. ಅವರನ್ನು ತಡೆಯಬೇಡಿ.

ಪ್ರಶ್ನೆ: ಸೋಮಾರಿತನಕ್ಕೂ ಮುಂದೂಡುವುದಕ್ಕೂ ಏನು ವ್ಯತ್ಯಾಸ?

ಉತ್ತರ: ಸೋಮಾರಿಗೆ ನಿದ್ದೆ ಬರುತ್ತದೆ.

ಪ್ರಶ್ನೆ: ಕಚೇರಿಯಲ್ಲಿ ಮೇಲಧಿಕಾರಿ ಎಲ್ಲರೆದುರು ನನ್ನನ್ನು ಹೀನಾಯವಾಗಿ ಮಾತಾಡಿಸಿದರು. ಆ ರಾತ್ರಿಯೇ ರಾಜೀನಾಮೆ ಬರೆದೆ, ಜೊತೆಗೆ ಅವರ ಬಗ್ಗೆ ನಾಲ್ಕು ಪುಟ. ಕಳಿಸಿಲ್ಲ. ಹನ್ನೆರಡು ದಿನವಾಯಿತು. ಇಷ್ಟು ದಿನ ಸುಮ್ಮನಿದ್ದೆನಲ್ಲ, ನಾನು ಹೇಡಿಯೇ ಅಕ್ಕಾ?

ಉತ್ತರ: ತಂಗಿ, 1863ರ ಜುಲೈ 14ರಂದು ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಒಂದು ಪತ್ರ ಬರೆದ. ಗೆಟಿಸ್‌ಬರ್ಗಿನ ಯುದ್ಧದಲ್ಲಿ ಸೋತ ಶತ್ರುಸೇನೆ ಹೊಳೆ ದಾಟಿ ತಪ್ಪಿಸಿಕೊಂಡಿತ್ತು. ಬೆನ್ನಟ್ಟಿ ಹಿಡಿಯಬೇಕಿದ್ದ ದಂಡನಾಯಕ ಮೀಡ್ ತಡಮಾಡಿದ್ದ. ಚಿನ್ನದಂಥ ಅವಕಾಶ ಕೈತಪ್ಪಿತು, ನನಗಾದ ಸಂಕಟಕ್ಕೆ ಅಳತೆಯಿಲ್ಲ ಎಂಬ ಅರ್ಥದ ಮಾತುಗಳು ಅದರಲ್ಲಿವೆ. ಬರೆದು ಮುಗಿಸಿದ ಲಿಂಕನ್ ಅದನ್ನು ಲಕೋಟೆಗೆ ಹಾಕಿ, ‘ದಂಡನಾಯಕ ಮೀಡ್‌ಗೆ, ಕಳಿಸಲೂ ಇಲ್ಲ, ಸಹಿಯನ್ನೂ ಮಾಡಲಿಲ್ಲ’ ಎಂದು ಲಕೋಟೆಯ ಮೇಲೆ ಗುರುತು ಹಾಕಿ ಒಳಗಿಟ್ಟ. ತಡಮಾಡಿದವನನ್ನು ಬೈಯಲು ಬರೆದ ಪತ್ರವನ್ನು ಬರೆದವನೇ ತಡೆಹಿಡಿದ. ಮೀಡ್ ಮುಂದೆಯೂ ಆ ಸೇನೆಯ ನಾಯಕನಾಗಿಯೇ ಉಳಿದ.

ನಮ್ಮಲ್ಲಿ ಇದಕ್ಕಿಂತ ದೊಡ್ಡ ಕತೆಯಿದೆ. ಮಹಾಭಾರತದ ಶಾಂತಿಪರ್ವದಲ್ಲಿ ಧರ್ಮರಾಯ ಶರಶಯ್ಯೆಯ ಭೀಷ್ಮನನ್ನು ಕೇಳುತ್ತಾನೆ: ಕೆಲಸವನ್ನು ತ್ವರೆಯಿಂದ ತೀರ್ಮಾನಿಸಬೇಕೋ, ತಡೆದು ತೀರ್ಮಾನಿಸಬೇಕೋ? ಭೀಷ್ಮ ಉತ್ತರವಾಗಿ ಚಿರಕಾರಿಯ ಕತೆ ಹೇಳುತ್ತಾನೆ. ಚಿರಕಾರಿ ಎಂದರೆ ನಿಧಾನವಾಗಿ ಮಾಡುವವನು. ಏಳುವುದು ನಿಧಾನ, ಯೋಚಿಸುವುದು ನಿಧಾನ. ಜನ ಅವನನ್ನು ಮಂದಬುದ್ಧಿ ಎಂದು ಆಡಿಕೊಳ್ಳುತ್ತಿದ್ದರು. ಹೆಂಡತಿಯ ಮೇಲೆ ಕೋಪಗೊಂಡ ತಂದೆ ಗೌತಮ, ‘ನಿನ್ನ ತಾಯಿಯನ್ನು ಕೊಲ್ಲು’ ಎಂದು ಅವನಿಗೆ ಅಪ್ಪಣೆ ಮಾಡಿ ಕಾಡಿಗೆ ಹೋಗಿಬಿಟ್ಟ. ಚಿರಕಾರಿ ಆಯುಧ ಹಿಡಿದು ನಿಂತು ಯೋಚಿಸತೊಡಗಿದ. ತಂದೆಯ ಮಾತು ಮೀರಬಾರದು, ತಾಯಿಯನ್ನು ಕೊಲ್ಲಬಾರದು. ತಂದೆ ಎಂದರೆ ಏನು, ತಾಯಿ ಎಂದರೆ ಏನು? ತಪ್ಪು ನಿಜವಾಗಿ ಯಾರದು? ಯೋಚನೆ ಮುಗಿಯಲೇ ಇಲ್ಲ. ಇತ್ತ ಕಾಡಿನಲ್ಲಿ ಗೌತಮನ ಕೋಪ ಇಳಿಯಿತು. ಎಂಥ ಮಾತಾಡಿಬಿಟ್ಟೆ ಎಂದು ಅಳುತ್ತಾ, ಮಗನೇ ಇವತ್ತೊಂದು ದಿನ ನಿನ್ನ ಹೆಸರಿಗೆ ತಕ್ಕಂತೆ ಇದ್ದಿರಪ್ಪಾ ಎಂದು ಹಲುಬುತ್ತಾ ಓಡಿ ಬಂದ. ಮಗ ಇನ್ನೂ ಯೋಚಿಸುತ್ತಲೇ ಇದ್ದ.

ಚಿಕ್ಕಂದಿನಲ್ಲಿ ಈ ಕತೆ ಕೇಳಿದಾಗ ನಗು ಬಂದಿತ್ತು. ಈಗ ಓದಿದರೆ ಬೇರೆಯದೇ ಕಾಣುತ್ತದೆ. ಚಿರಕಾರಿ ಮರೆತು ಮಲಗಲಿಲ್ಲ. ಎರಡು ಮಗ್ಗುಲನ್ನೂ ತಿರುವಿ ತಿರುವಿ ನೋಡುತ್ತಿದ್ದ. ‘ಶುಭಸ್ಯ ಶೀಘ್ರಂ’ ಎಂದು ಅರ್ಧ ಮಾತನ್ನು ಮಾತ್ರ ಎಲ್ಲರೂ ಹೇಳುತ್ತಾರೆ. ‘ಅಶುಭಸ್ಯ ಕಾಲಹರಣಂ’ ಎಂಬ ಉಳಿದರ್ಧ ಇಂಥ ಹೊತ್ತಿಗೆಂದೇ ಇರುವುದು.

ನೀವು ಹೇಡಿಯಲ್ಲ. ಆದರೆ ನನ್ನ ಖಾನೆಯಲ್ಲಿ ಸಿಕ್ಕ ಎರಡು ಪತ್ರಗಳ ವಿಷಯ ಹೇಳದಿದ್ದರೆ ಮೋಸವಾಗುತ್ತದೆ. ಎರಡೂ ಹಳೆಯ ಮೇಲಧಿಕಾರಿಗೆ ಬರೆದವು, ಎರಡನ್ನೂ ಕಳಿಸಿರಲಿಲ್ಲ. ಮೊದಲನೆಯದು ಐದು ಪುಟ, ಅಕ್ಷರಗಳು ಕಾಗದವನ್ನು ಹರಿಯುವಷ್ಟು ಒತ್ತಿ ಬರೆದಿದ್ದೇನೆ. ಮೂರನೆಯ ಪುಟದಲ್ಲಿ ‘ಆ ದಿನದ ಘಟನೆಯನ್ನು ನಾನು ಜನ್ಮದಲ್ಲಿ ಮರೆಯಲಾರೆ’ ಎಂದಿದೆ. ಯಾವ ಘಟನೆ ಎಂದು ಎರಡು ದಿನ ಯೋಚಿಸಿದೆ, ನೆನಪಾಗಲಿಲ್ಲ. ಎರಡನೆಯದು ಅರ್ಧ ಪುಟ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ತಿಂಗಳುಗಟ್ಟಲೆ ಓಡಾಡಿ ಬರೆದ ವರದಿಯನ್ನು ಬೇರೊಬ್ಬರ ಹೆಸರಿನಲ್ಲಿ ಅಚ್ಚು ಹಾಕಿದ್ದರು. ಅದು ತಪ್ಪು ಎಂದು ಬರೆದಿದ್ದೆ. ಕೋಪ ಆರಲಿ, ಆಮೇಲೆ ಕೊಡೋಣ ಎಂದು ಇಟ್ಟೆ. ಕೋಪ ಆರಿತು. ಹುಡುಗಿ ಕೆಲಸ ಬಿಟ್ಟು ಹೋದಳು. ಆ ಅರ್ಧ ಪುಟವನ್ನು ಈಗ ಓದಿದರೂ ಒಂದು ಪದ ಬದಲಿಸಬೇಕೆನಿಸುವುದಿಲ್ಲ.

ನಿಮ್ಮ ನಾಲ್ಕು ಪುಟ ತೆಗೆದು ಓದಿ. ಹನ್ನೆರಡು ದಿನಗಳ ನಂತರವೂ ಹಾಗೆಯೇ ನಿಲ್ಲುವ ಸಾಲುಗಳಿಗೆ ಗೆರೆ ಎಳೆಯಿರಿ. ಅರ್ಧ ಪುಟವಾದರೂ ಉಳಿದರೆ ಅದನ್ನು ಕೊಡಿ. ರಾಜೀನಾಮೆಯ ಮಾತು ಆಮೇಲೆ.

ಪ್ರಶ್ನೆ: ಮಾಡಬೇಕಾದ ಒಂದು ಕೆಲಸ ಬಿಟ್ಟು ಉಳಿದದ್ದೆಲ್ಲ ಮಾಡುತ್ತೇನೆ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದಬೇಕಾದ ವಾರ ಕಪಾಟು ಜೋಡಿಸಿದೆ, ಸೈಕಲ್ಲಿಗೆ ಎಣ್ಣೆ ಬಿಟ್ಟೆ, ಹಳೆಯ ಗೆಳೆಯರಿಗೆಲ್ಲ ಪತ್ರ ಬರೆದೆ. ನಿಮಗೂ ಈಗ ಬರೆಯುತ್ತಿದ್ದೇನೆ.

ಉತ್ತರ: ಮೇಷ್ಟ್ರೇ, ನಿಮ್ಮದೇ ವೃತ್ತಿಯ ಒಬ್ಬರಿಗೆ ಇದಕ್ಕೇ ಬಹುಮಾನ ಬಂದಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಪೆರ್ರಿ 1996ರಲ್ಲಿ ಒಂದು ಪ್ರಬಂಧ ಬರೆದರು. ತಿದ್ದಬೇಕಾದ ಪತ್ರಿಕೆಗಳ ರಾಶಿ ಪಕ್ಕದಲ್ಲಿತ್ತಂತೆ. ಅದನ್ನು ತಪ್ಪಿಸಿಕೊಳ್ಳಲೆಂದೇ ಪ್ರಬಂಧ ಬರೆದೆ ಎಂದು ಅದರಲ್ಲಿಯೇ ಹೇಳಿದ್ದಾರೆ. ಮುಂದೂಡುವವರು ಸುಮ್ಮನೆ ಕೂರುವುದಿಲ್ಲ, ದೊಡ್ಡ ಕೆಲಸದಿಂದ ತಪ್ಪಿಸಿಕೊಳ್ಳಲು ಸಣ್ಣ ಕೆಲಸಗಳನ್ನು ಉತ್ಸಾಹದಿಂದ ಮಾಡುತ್ತಾರೆ. ಆದ್ದರಿಂದ ಪಟ್ಟಿಯ ತುದಿಗೆ ಭಾರೀ ಮಹತ್ವದ್ದೆಂದು ತೋರುವ, ನಿಜಕ್ಕೂ ಅಷ್ಟೇನೂ ಅಲ್ಲದ ಒಂದು ಕೆಲಸವನ್ನು ಕೂರಿಸಿ. ಅದನ್ನು ತಪ್ಪಿಸಿಕೊಳ್ಳುವ ಭರದಲ್ಲಿ ಕೆಳಗಿನವೆಲ್ಲ ಆಗಿಹೋಗುತ್ತವೆ ಎಂಬುದು ಅವರ ಉಪಾಯ. ಇದಕ್ಕೆ 2011ರಲ್ಲಿ ಸಾಹಿತ್ಯದ ಇಗ್ ನೊಬೆಲ್ ಬಂತು. ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಾಧನೆಗೆ ಕೊಡುವ ಬಹುಮಾನ ಅದು. ಪ್ರಬಂಧಕ್ಕೂ ಬಹುಮಾನಕ್ಕೂ ಹದಿನೈದು ವರ್ಷದ ಅಂತರ. ಬಹುಮಾನದವರೂ ಮುಂದೂಡಿದರೋ ಏನೋ.

ಉಪಾಯ ಕೆಲಸ ಮಾಡುತ್ತದೆ. ನನ್ನ ಖಾನೆ ಚೊಕ್ಕಟವಾದದ್ದು ಈ ಅಂಕಣ ಬರೆಯಬೇಕಿದ್ದ ವಾರವೇ. ಆದರೆ ಪಟ್ಟಿಯ ತುದಿಯಲ್ಲಿ ಕೂರಿಸುವ ಕೆಲಸದ ಇನ್ನೊಂದು ತುದಿಯಲ್ಲಿ ಯಾರೂ ಕಾಯುತ್ತಿರಬಾರದು. ಪೆರ್ರಿಯವರ ವಿದ್ಯಾರ್ಥಿಗಳನ್ನು ಯಾರೂ ಕೇಳಿದಂತಿಲ್ಲ. ನಿಮ್ಮ ಉತ್ತರಪತ್ರಿಕೆಗಳಿಗೆ ಮಕ್ಕಳು ಕಾಯುತ್ತಿದ್ದಾರೆ. ಸೈಕಲ್ಲಿಗೆ ಎಣ್ಣೆ ಸಾಕು.

ಪ್ರಶ್ನೆ: ಎದೆಯ ಹತ್ತಿರ ಒಂದು ಗಂಟು ಕೈಗೆ ಸಿಗುತ್ತಿದೆ. ನಾಲ್ಕು ತಿಂಗಳಿಂದ ವೈದ್ಯರ ಬಳಿ ಹೋಗುವುದನ್ನು ಮುಂದಕ್ಕೆ ಹಾಕುತ್ತಿದ್ದೇನೆ. ತಾನಾಗಿ ಕರಗಬಹುದಲ್ಲವೇ?

ಉತ್ತರ: ನಿಮ್ಮ ಪತ್ರ ಕೈಗೆ ಬಂದ ದಿನವೇ ಫೋನ್ ಮಾಡಿದೆ, ನೀವು ಮಾತು ಕೊಟ್ಟಿದ್ದೀರಿ. ಇದೇ ಸ್ಥಿತಿಯಲ್ಲಿರುವ ಬೇರೆಯವರು ಓದುತ್ತಿರಬಹುದೆಂದು ಇಲ್ಲಿ ಹಾಕಿದ್ದೇನೆ. ಪತ್ರಿಕೆ ಮಡಿಚಿಟ್ಟು ಹೊರಡಿ. ಕಾದು ನೋಡಬಹುದೇ ಎಂಬುದನ್ನು ಹೇಳಬೇಕಾದವರು ವೈದ್ಯರು. ನೀವೂ ಅಲ್ಲ, ನಾನೂ ಅಲ್ಲ.

ಪ್ರಶ್ನೆ: ಹನ್ನೊಂದು ವರ್ಷಗಳಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ನೂರ ನಲವತ್ತು ಪುಟ ಆಗಿದೆ. ಮನೆಯವರು ಅದರ ಮಾತೆತ್ತುವುದನ್ನೇ ಬಿಟ್ಟಿದ್ದಾರೆ. ದೊಡ್ಡವರೂ ಹೀಗೆ ತಡಮಾಡಿದ್ದುಂಟೇ?

ಉತ್ತರ: ಉಂಟು. ಆದರೆ ಹೇಗೆ ತಡಮಾಡಿದರು ಎಂದೂ ನೋಡಬೇಕು.

ಚಾರ್ಲ್ಸ್ ಡಾರ್ವಿನ್ ಜೀವಿಗಳ ಬದಲಾವಣೆಯ ಬಗ್ಗೆ ಮೊದಲ ಟಿಪ್ಪಣಿ ಪುಸ್ತಕ ತೆರೆದದ್ದು 1837ರಲ್ಲಿ. 1842ರಲ್ಲಿ ಪೆನ್ಸಿಲಿನಲ್ಲಿ 35 ಪುಟದ ರೂಪರೇಷೆ ಬರೆದ. 1844ರಲ್ಲಿ ಅದನ್ನು ಸುಮಾರು 230 ಪುಟಕ್ಕೆ ಬೆಳೆಸಿ, ನಾನು ಸತ್ತರೆ ಇದನ್ನು ಅಚ್ಚು ಮಾಡಿಸು ಎಂದು ಹೆಂಡತಿಗೆ ಪತ್ರ ಬರೆದಿಟ್ಟ. ಆಮೇಲೆ? 1846ರಿಂದ ಎಂಟು ವರ್ಷ ಬಂಡೆಗೂ ಹಡಗಿನ ತಳಕ್ಕೂ ಅಂಟಿಕೊಂಡು ಬದುಕುವ ಬಾರ್ನಕಲ್ ಎಂಬ ಕಡಲಜೀವಿಗಳನ್ನು ಕೊಯ್ದು ನೋಡುತ್ತಾ ಕುಳಿತ. 1858ರಲ್ಲಿ ವ್ಯಾಲೇಸ್ ಎಂಬ ಇನ್ನೊಬ್ಬ ಪ್ರಕೃತಿವಿಜ್ಞಾನಿ ಡಾರ್ವಿನ್ನನದೇ ವಿಚಾರವನ್ನು ಹೋಲುವ ಲೇಖನ ಕಳಿಸಿದಾಗಲೇ ಅವಸರ ಹುಟ್ಟಿದ್ದು. ಮರುವರ್ಷ ನವೆಂಬರಿನಲ್ಲಿ ಪುಸ್ತಕ ಹೊರಬಂತು. ಹೆದರಿ ಮುಂದೂಡಿದನೇ, ಬೇರೆ ಕೆಲಸವಿತ್ತೇ ಎಂದು ಇತಿಹಾಸಕಾರರು ಇನ್ನೂ ಜಗಳಾಡುತ್ತಾರೆ. ನನಗೆ ಮುಖ್ಯವೆನಿಸುವುದು ಆ 35 ಪುಟ. ಪೆನ್ಸಿಲಿನಲ್ಲಾದರೂ ಆದಿಯಿಂದ ಅಂತ್ಯದವರೆಗೆ ಒಮ್ಮೆ ಬರೆದು ಮುಗಿಸಿದ್ದ. ಮುಂದಿನ ಹದಿನೇಳು ವರ್ಷ ಕಂಡದ್ದೆಲ್ಲ, ಆ ಕಡಲಜೀವಿಗಳೂ ಸೇರಿ, ಅದರೊಳಗೆ ಹೋಗಿ ಕೂರಲು ಜಾಗವಿತ್ತು.

ಇನ್ನೊಬ್ಬ ಇಟಲಿಯ ಚಿತ್ರಕಾರ ಲಿಯನಾರ್ಡೊ. ಮಿಲಾನಿನಲ್ಲಿ ‘ಕೊನೆಯ ಭೋಜನ’ದ ಚಿತ್ರ ಬರೆಯುತ್ತಿದ್ದಾಗ ಅವನನ್ನು ಕಣ್ಣಾರೆ ಕಂಡ ಬಾಂದೆಲ್ಲೊ ಎಂಬ ಲೇಖಕ ಬಣ್ಣಿಸಿದ್ದಾನೆ. ಕೆಲವು ದಿನ ಬೆಳಗಿನಿಂದ ಕತ್ತಲಾಗುವವರೆಗೆ ಕುಂಚ ಕೆಳಗಿಡುವುದಿಲ್ಲ. ಆಮೇಲೆ ಮೂರು ನಾಲ್ಕು ದಿನ ಮುಟ್ಟುವುದೇ ಇಲ್ಲ, ಸುಮ್ಮನೆ ಗಂಟೆಗಟ್ಟಲೆ ನಿಂತು ನೋಡುತ್ತಾನೆ. ಮತ್ತೊಂದು ದಿನ ನಡುಹಗಲಿನಲ್ಲಿ ಓಡಿ ಬಂದು ಒಂದೆರಡು ಗೆರೆ ಎಳೆದು ಹೊರಟುಹೋಗುತ್ತಾನೆ. ಎಂಥ ಸೊಗಸಾದ ನಿಧಾನ! ಆದರೆ ಹಸಿ ಗಾರೆಯ ಮೇಲೆ ಚಿತ್ರ ಬರೆಯುವ ರೂಢಿಯ ವಿಧಾನದಲ್ಲಿ ಇಷ್ಟು ನಿಧಾನ ನಡೆಯುವುದಿಲ್ಲ, ಗಾರೆ ಒಣಗುವುದರೊಳಗೆ ಬಳಿದು ಮುಗಿಸಬೇಕು. ಅವನು ಒಣ ಗೋಡೆಯ ಮೇಲೆ ಬರೆದ. ನಿಧಾನಕ್ಕೆ ಅವಕಾಶ ಸಿಕ್ಕಿತು. ಬಣ್ಣ ಗೋಡೆಗೆ ಸರಿಯಾಗಿ ಹಿಡಿಯಲಿಲ್ಲ. ಅವನು ಬದುಕಿರುವಾಗಲೇ ಚಿತ್ರ ಹಾಳಾಗತೊಡಗಿತ್ತು. ನಾನು ಈ ಇಬ್ಬರ ನಡುವೆ ಯಾವ ತೀರ್ಮಾನಕ್ಕೂ ಬರಲಾರೆ. ಆತುರದಲ್ಲಿ ಬಳಿದ ಗಟ್ಟಿ ಚಿತ್ರಕ್ಕಿಂತ ಉದುರುತ್ತಿರುವ ಆ ಗೋಡೆಯೇ ಲೋಕಕ್ಕೆ ಬೇಕಾಯಿತಲ್ಲ.

ತುಸು ಮುಂದೂಡಿದರೆ ಕಲ್ಪನೆ ಚಿಗುರುತ್ತದೆ ಎಂಬುದಕ್ಕೆ 2021ರಲ್ಲಿ ಜಿಹೇ ಶಿನ್ ಮತ್ತು ಆಡಂ ಗ್ರಾಂಟ್ ಪ್ರಕಟಿಸಿದ ಅಧ್ಯಯನವನ್ನು ಈಗ ಎಲ್ಲರೂ ಉದಾಹರಿಸುತ್ತಾರೆ. ಕೆಲಸ ಕೊಟ್ಟು, ಪಕ್ಕದಲ್ಲಿ ತಮಾಷೆಯ ವಿಡಿಯೊಗಳ ಆಮಿಷ ಇಟ್ಟು ನೋಡಿದರು. ಸ್ವಲ್ಪವೂ ಮುಂದೂಡದವರಿಗಿಂತಲೂ ವಿಪರೀತ ಮುಂದೂಡಿದವರಿಗಿಂತಲೂ ಹದವಾಗಿ ಮುಂದೂಡಿದವರ ವಿಚಾರಗಳು ಹೊಸತಾಗಿದ್ದವು. ಅದೂ ಕೆಲಸದಲ್ಲಿ ಮನಸ್ಸಿದ್ದಾಗ. ಹನ್ನೊಂದು ವರ್ಷ ಹದವೇ ಎಂದು ನನ್ನನ್ನು ಕೇಳಬೇಡಿ. ನಿಮ್ಮ ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಏನಾಗುತ್ತದೆ ಎಂದು ಈ ವಾರ ಒಂದು ಪುಟದಲ್ಲಿ ಬರೆಯಿರಿ, ಪೆನ್ಸಿಲಿನಲ್ಲಾದರೂ ಸರಿ. ಬರೆಯಲಾಗದಿದ್ದರೆ ಅದನ್ನೇ ನನಗೆ ತಿಳಿಸಿ.

ಪ್ರಶ್ನೆ: ಏಳು ತಿಂಗಳ ಹಿಂದೆ ನಿಮಗೊಂದು ಪತ್ರ ಬರೆದಿದ್ದೆ, ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಜೊತೆಗಿಟ್ಟಿದ್ದೆ. ಉತ್ತರವಿಲ್ಲ. ಈಗ ಮುಂದೂಡುವುದರ ಲಾಭದ ಬಗ್ಗೆ ಬರೆಯುತ್ತಿದ್ದೀರಿ. ಚೆನ್ನಾಗಿದೆ.

ಉತ್ತರ: ನಿಮ್ಮ ಪತ್ರ ಖಾನೆಯ ತಳದಲ್ಲಿ, ನಿಂತುಹೋದ ಕೈಗಡಿಯಾರದ ಕೆಳಗೆ ಸಿಕ್ಕಿತು. ಆಪ್ತ ಗೆಳೆಯನಿಗೆ ಕೊಟ್ಟ ಸಾಲವನ್ನು ಕೇಳಬೇಕೇ, ಬಿಡಬೇಕೇ, ಕೇಳಿದರೆ ಸ್ನೇಹ ಕೆಡುತ್ತದೆಯೇ ಎಂದು ಕೇಳಿದ್ದಿರಿ. ಮೊದಲ ಸಲ ಓದಿದಾಗಲೇ ಉತ್ತರ ನನಗೆ ಗೊತ್ತಿತ್ತು. ಬರೆದರೆ ನಿಮಗೆ ಬೇಸರವಾಗುತ್ತದೆ ಎಂದು ಇಟ್ಟೆ. ಬರೆದಿದ್ದರೆ ನಿಮಗೆ ಬೇಸರವಾಗುತ್ತಿದ್ದುದು ಓದಿದ ಮೇಲೆ, ನನಗೆ ಬರೆಯುವಾಗಲೇ. ನಾನು ತಪ್ಪಿಸಿಕೊಂಡದ್ದು ನನ್ನ ಬೇಸರವನ್ನು. ಮುಂದೂಡುವುದು ಹೊತ್ತಿನ ಸಮಸ್ಯೆಗಿಂತ ಮನಸ್ಸಿನ ಅಳುಕನ್ನು ತಪ್ಪಿಸಿಕೊಳ್ಳುವ ದಾರಿ ಎಂದು ಈ ವಿಷಯ ಅಭ್ಯಾಸ ಮಾಡಿದ ಸಿರೊಯಿಸ್, ಪಿಚಿಲ್ ಮೊದಲಾದವರು ಹೇಳುವುದನ್ನು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ.

ಕೇಳಿ. ಫೋನಿನಲ್ಲಿ ಬೇಡ, ಎದುರಿಗೆ ಕುಳಿತು ಕೇಳಿ. ‘ನಿನ್ನ ಅನುಕೂಲ ನೋಡಿಕೊಂಡು’ ಎಂದು ಸೇರಿಸಬೇಡಿ. ಎಷ್ಟು, ಯಾವಾಗ ಎಂದು ಅವರಿಂದಲೇ ಬಾಯಿಬಿಡಿಸಿ, ಕಂತಾದರೆ ಕಂತು. ಕೊಟ್ಟ ಮೊತ್ತ ಇಬ್ಬರಿಗೂ ಒಂದೇ ಆಗಿ ನೆನಪಿರುವಾಗಲೇ ಈ ಮಾತು ಆಗಿಬಿಡಬೇಕು. ಏಳು ತಿಂಗಳ ಹಿಂದೆಯೂ ಇದನ್ನೇ ಬರೆಯುತ್ತಿದ್ದೆ. ತಡವಾದದ್ದರಿಂದ ಈ ಉತ್ತರ ಒಂದು ಕೂದಲೆಳೆಯಷ್ಟೂ ಉತ್ತಮವಾಗಿಲ್ಲ.

ನಿಮ್ಮ ಲಕೋಟೆ ಹಾಗೆಯೇ ಇತ್ತು, ಅಂಟಿನ ಅಂಚು ಮಾತ್ರ ಒಣಗಿ ಸುರುಳಿಯಾಗಿತ್ತು. ಬೇರೆ ಗೋಂದು ಹಚ್ಚಿ ಈ ಉತ್ತರದ ಕೈಬರಹದ ಪ್ರತಿಯನ್ನು ಅದರಲ್ಲಿಟ್ಟು ಇವತ್ತು ಬೆಳಿಗ್ಗೆ ಅಂಚೆಗೆ ಹಾಕಿ ಬಂದಿದ್ದೇನೆ. ಈ ಸಂಚಿಕೆಗಿಂತ ಮೊದಲೇ ಅದು ನಿಮ್ಮ ಕೈ ಸೇರಿರಬೇಕು.